ಎರಡನೇ ಡ್ರಾಯರಿನ ಸ್ಲೈಡು

ಬೆಳಗ್ಗೆ ಹನ್ನೊಂದು ಹತ್ತಕ್ಕೆ ಮೆಡಿಕಲ್ ಕಾಲೇಜಿನ ಹೊಸ ಡಾಕ್ಟರು ಮೂವತ್ತು ವಿದ್ಯಾರ್ಥಿಗಳೆದುರು ಮೈಕ್ರೋಸ್ಕೋಪಿನಲ್ಲಿ ಹಂದಿಯ ಲಿವರ್ ನೋಡಿ, ಮನುಷ್ಯನ ಲಿವರ್ ಕೆಟ್ಟಿದೆ ಎಂದರು.

ಸ್ಲೈಡನ್ನು ಎತ್ತಿ ಹಿಡಿದು ಟೆಕ್ನಿಷಿಯನ್ ಕಡೆ ತಿರುಗಿದರು. ಒಂಬತ್ತು ವರ್ಷದಿಂದ ಅಂಗಾಂಶವನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಈ ಲ್ಯಾಬಿನ ಸ್ಲೈಡುಗಳನ್ನು ಸಿದ್ಧಮಾಡುತ್ತಿದ್ದವಳು ಅವಳೇ. ಅವಳ ನೌಕರಿ ಕಾಯಂ ಮಾಡುವ ಫೈಲು ಅಂದೇ ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿತ್ತು.

“ಆರೋಗ್ಯವಾಗಿರೋ ಲಿವರ್ ಕೇಳಿದ್ರೆ ರೋಗದ್ದು ಇಟ್ಟಿದ್ದೀರಿ! ಕಣ್ಮುಚ್ಚಿ ಕೆಲಸ ಮಾಡ್ತೀರಾ?”

ಅವಳ ಕಿವಿ ಬಿಸಿಯಾಯಿತು.

“ರೋಗ ಅಂತ ಹೇಗೆ ಹೇಳ್ತೀರಿ?”

“ಜೀವಕೋಶದ ಗುಂಪುಗಳ ಸುತ್ತ ಗೋಡೆ ಎದ್ದಿದೆ, ಕಾಣಲ್ವಾ? ಮನುಷ್ಯನ ಲಿವರ್‌ನಲ್ಲಿ ಹೀಗೆ ಗೋಡೆ ಇರಲ್ಲ.”

“ಗೋಡೆ ಕಂಡ್ರಲ್ಲ, ಒಳಗೂ ನೋಡಿ! ಗೋಡೆ ಕಟ್ಟಿದ ಪ್ರತಿ ಷಟ್ಕೋನದ ನಟ್ಟನಡುವೆ ರಕ್ತನಾಳ ಇದೆ. ಜೀವಕೋಶದ ಸಾಲುಗಳು ನೆಟ್ಟಗೆ ಅದರತ್ತಲೇ ಬಂದಿವೆ. ರೋಗದ ಲಿವರ್ ಇಷ್ಟು ಅಚ್ಚುಕಟ್ಟಾಗಿರುತ್ತಾ? ಹೋಲಿಸೋಕೆ ಅಂತ ಎರಡನೇ ಡ್ರಾಯರಲ್ಲಿ ಇಟ್ಟಿದ್ದು ಅದು. ತೆಗೆದವರು ನೀವು! ಹೆಬ್ಬೆರಳು ಸರಿಸಿ, ಚೀಟಿ ಕಾಣುತ್ತೆ.”

ಡಾಕ್ಟರು ಹೆಬ್ಬೆರಳು ಸರಿಸಿದರು. ಹಂದಿ ಎಂದು ಬರೆದಿತ್ತು.

“ಅಕ್ಕ ಗೆದ್ರು!” ಎಂದಿತು ಹಿಂದಿನ ಬೆಂಚು.

ಡಾಕ್ಟರು ಸ್ಲೈಡನ್ನು ಮೇಜಿನ ಮೇಲಿಟ್ಟು ಮುಖ್ಯಸ್ಥರ ಕೋಣೆಗೆ ನಡೆದರು.

ಚಾಡಿ ಹೇಳೋಕೆ ಹೋದ್ರು... ಹೇಳಲಿ! ಮೂರು ತಿಂಗಳಿಂದ ಈ ಮನುಷ್ಯನ ಹೆಜ್ಜೆ ಸದ್ದಿಗೆ ಕಾಯ್ತಿದ್ದೆನಲ್ಲ, ನನಗೇ ಬುದ್ಧಿ ಇಲ್ಲ! ಎಂದುಕೊಂಡಳು.

ಅವಳು ರಾಜೀನಾಮೆ ಬರೆದಳು. ಪೆನ್ನಿನ ಮೊನೆಗೆ ಕಾಗದ ಎರಡು ಕಡೆ ಹರಿಯಿತು.

ಮಧ್ಯಾಹ್ನ ಎರಡಕ್ಕೆ ಡಾಕ್ಟರು ಲ್ಯಾಬಿನ ಬಾಗಿಲಲ್ಲಿ ನಿಂತರು.

“ತಪ್ಪು ನನ್ನದು ಅಂತ ಮುಖ್ಯಸ್ಥರಿಗೆ ಹೇಳಿ ಬಂದೆ. ನಿಮ್ಮ ಫೈಲಿಗೆ ಸಹಿ ಬಿತ್ತು. ಕ್ಷಮಿಸಿ.”

“ಬೈದಿದ್ದು ಮೂವತ್ತು ಜನರೆದುರು, ಕ್ಷಮೆ ಮಾತ್ರ ಬಾಗಿಲ ಮರೆಯಲ್ಲಾ?”

“ನಾಳೆ ಅವರೆದುರೇ ಕೇಳ್ತೀನಿ... ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ಸ್ಲೈಡ್ ಬೇಕು ಅಂತ ದಿನಾ ಬರ್ತಿದ್ನಲ್ಲ... ಅರ್ಧ ಸಲ ನಂಗೆ ಸ್ಲೈಡ್ ಬೇಕಿರಲಿಲ್ಲ.”

ಅವಳ ಎದೆ ಧಸಕ್ಕೆಂದಿತು. ಸಿಟ್ಟು ಇಳಿಯಲಿಲ್ಲ.

“ಹಾಗಿದ್ರೆ ಬೆಳಗ್ಗೆ ಆ ನಾಲಿಗೆ ಯಾರದ್ದು?”

“ನಂದೇ. ನಿಮ್ಮೆದುರು ದೊಡ್ಡವನಾಗಿ ಕಾಣೋಕೆ ಹೋದೆ.”

“ಕಂಡ್ರಿ ಬಿಡಿ!”

“ಸಿಟ್ಟು ಇಳಿಯೋವರೆಗೂ ಕಾಯ್ತೀನಿ.”

“ಮೊದಲು ನಾಳೆ ಕ್ಷಮೆ ಕೇಳಿ. ಆಮೇಲೆ... ನಾನೂ ಒಂದು ಮಾತು ಹೇಳೋದಿದೆ.”

ಮರುದಿನ ಹನ್ನೊಂದು ಹತ್ತಕ್ಕೆ ಅವರು ಎಲ್ಲರೆದುರು ಕ್ಷಮೆ ಕೇಳಿದರು. ಅವಳು ರಾಜೀನಾಮೆ ಹರಿದಳು. ಕಷ್ಟವಾಗಲಿಲ್ಲ, ಎರಡು ಕಡೆ ಮೊದಲೇ ಹರಿದಿತ್ತು.

ಎಂಟು ತಿಂಗಳ ಮೇಲೆ ಇಬ್ಬರ ಮದುವೆಯಾಯಿತು. ಎರಡನೇ ಡ್ರಾಯರಿಗೆ ಈಗ ಬೀಗವಿದೆ, ಅದರ ಕೀಲಿ ಅವಳ ಹತ್ತಿರವೇ ಇದೆ.