ಎರಡು ಸಲ ಕುಣಿದ ಮುಳ್ಳು

ಬಂಡಿಗಳು ಇನ್ನೂ ಓಡುತ್ತಿರುವಾಗಲೇ ಕಂಪನಿ ಅವುಗಳ ತಲೆ ಮೇಲಿನ ತಾಮ್ರದ ತಂತಿಯನ್ನು ಗುಜರಿಯವರಿಗೆ ಮಾರಿತು.

ಇಂಡಿಯಾನಾದ ಆ ಮೆಕ್ಕೆಜೋಳದ ಸೀಮೆಗೆ, ಊರಿಂದೂರಿಗೆ ಓಡುವ ಈ ಎಲೆಕ್ಟ್ರಿಕ್ ರೈಲು ಬಂದದ್ದು ಒಟಿಲಿ ಹುಟ್ಟುವ ಮೊದಲು. ಅವಳಜ್ಜನೂ ಸೇರಿ ರೈತರೆಲ್ಲ ಬಿಡಿಗಾಸು ಪಡೆಯದೆ ಹಳಿಗೆ ಜಾಗ ಬಿಟ್ಟಿದ್ದರು. ಕೇಳಿದ್ದು ಒಂದೇ ಮಾತು: ಹೊಲದ ಗೇಟಿನಲ್ಲಿ ಯಾರು ಕೈ ಬೀಸಿದರೂ ಬಂಡಿ ನಿಲ್ಲಬೇಕು. ಹಾಲಿನ ಕ್ಯಾನಿಗೆ, ಬಸುರಿಗೆ, ಹೈಸ್ಕೂಲು ಹುಡುಗಿಯರಿಗೆ ಅದು ನಿಂತಿತ್ತು. ಒಟಿಲಿ ಮಾತ್ರ ಒಮ್ಮೆಯೂ ಕೈ ಬೀಸಿದವಳಲ್ಲ. ಹಳಿಯ ಪಕ್ಕದ ಸಬ್‌ಸ್ಟೇಷನ್ನಿನಲ್ಲಿ ಕೂತು ಬಂಡಿಗಳಿಗೆ ಕರೆಂಟು ಹರಿಸುವುದು ಅವಳ ಕೆಲಸ.

ಬಂಡಿ ಹೊರಟರೆ, ದಿಣ್ಣೆ ಹತ್ತಿದರೆ, ಗೋಡೆಯ ಮೀಟರಿನ ಮುಳ್ಳು ಮೇಲೇಳುತ್ತದೆ. ಇದು ಗೊತ್ತಿದ್ದ ಡ್ರೈವರ್ ವೆಂಡೆಲ್ ಪ್ರತಿ ಸಂಜೆ ಬಂಡಿಯ ವೇಗದ ಹಿಡಿಕೆಯನ್ನು ಎರಡು ಸಲ ತಿರುಗಿಸಿ ಬಿಡುತ್ತಿದ್ದ. ಬಂಡಿ ಇನ್ನೂ ಹೊಲಗಳಾಚೆ ಇರುವಾಗಲೇ ಅವಳ ಮುಳ್ಳು ಎರಡು ಸಲ ಕುಣಿಯುತ್ತಿತ್ತು. ಅವಳ ಕೆನ್ನೆ ಕೆಂಪಾಗುತ್ತಿತ್ತು.

"ಕಂಪನಿ ಕರೆಂಟು ಪೋಲು ಮಾಡ್ತೀಯಲ್ಲೋ, ನಾಚ್ಕೆ ಆಗಲ್ವಾ?" ಎಂದು ನಿನ್ನೆ ಬಾಗಿಲಲ್ಲಿ ನಿಂತು ಗದರಿದ್ದಳು.

"ನಾಚ್ಕೊಳ್ಳೋದನ್ನ ನಿನ್ನ ಕೆನ್ನೆಗೇ ಬಿಟ್ಟಿದ್ದೀನಿ," ಎಂದು ಬಂಡಿಯ ಕಿಟಕಿಯಿಂದ ಬಾಗಿ ನಕ್ಕಿದ್ದ. ಆಮೇಲೆ ದನಿ ಇಳಿಯಿತು. "ನಾಳೆ ಕೊನೇ ಬಂಡಿ, ಒಟಿಲಿ. ಕೈ ಬೀಸಿದ್ರೆ ಹತ್ತಿಸ್ಕೊಂಡು ಹೋಗಿ ಪಾದ್ರಿ ಮನೆ ಮುಂದೆ ಇಳಿಸ್ತೀನಿ. ಬೀಸ್ಲಿಲ್ವಾ, ನಿಲ್ಲಿಸದೆ ಹೋಗ್ತೀನಿ. ಮತ್ತೆ ಕಾಟ ಕೊಡಲ್ಲ."

"ಓಹೋ, ನೀನು ಕರೆದ ತಕ್ಷಣ ಬಂದ್ಬಿಡ್ತೀನಾ?" ಎಂದು ಮೂಗು ಮುರಿದವಳು ಇವತ್ತು ಬೆಳಿಗ್ಗೆ ಎದ್ದು ಬಿಳಿ ಏಪ್ರನ್ನಿಗೆ ಇಸ್ತ್ರಿ ಹಾಕಿದ್ದಳು.

ಈಗ ಏಪ್ರನ್ನು ಗೂಟದಲ್ಲಿತ್ತು. ಕಂಪನಿಯ ಸೂಪರಿಂಟೆಂಡೆಂಟ್ ಪ್ರೂವಿಟ್, ಹ್ಯಾಟು ಕೂಡ ತೆಗೆಯದೆ, ಒಳನುಗ್ಗಿದ.

"ಸ್ವಿಚ್ ಇಳಿಸಮ್ಮ. ತಂತಿ ಕತ್ತರಿಸೋಕೆ ಗುಜರಿಯವರು ಕಾಯ್ತಿದ್ದಾರೆ."

"ಕೊನೇ ಬಂಡಿ ದಾರೀಲಿದೆ ಸರ್. ತುಂಬ ಜನ ಇದ್ದಾರೆ."

"ಕಾಲಿಲ್ವಾ ಅವರಿಗೆ? ನಡೀಲಿ."

ಅಷ್ಟರಲ್ಲಿ ಮುಳ್ಳು ಎದ್ದಿತು, ಬಿತ್ತು. ಮತ್ತೆ ಎದ್ದಿತು.

"ಮೀಟರು ಕೆಟ್ಟಿದೆಯಾ?" ಪ್ರೂವಿಟ್ ಹುಬ್ಬು ಗಂಟಿಕ್ಕಿದ.

"ಇಲ್ಲ ಸರ್. ನಾನು ಮದುವೆ ಆಗೋ ಗಂಡು ಕರೀತಿದ್ದಾನೆ."

ಹೇಳಿದ ಮೇಲೆ ಅವಳಿಗೇ ಆ ಮಾತು ಕೇಳಿಸಿತು. ಸ್ವಿಚ್ಚಿನ ಮುಂದಿನ ಕಬ್ಬಿಣದ ಜಾಲರಿ ಎಳೆದು ಬೀಗ ಜಡಿದಳು, ಕೀಲಿ ಜೇಬಿಗಿಳಿಸಿದಳು, ಏಪ್ರನ್ನು ಕಿತ್ತುಕೊಂಡು ಹೊರಗೆ ಓಡಿದಳು. ಜೋಳದ ತೆನೆಗಳ ಮೇಲೆ ಬಂಡಿಯ ದೀಪ ತೂರಿ ಬರುತ್ತಿತ್ತು. ಎರಡೂ ಕೈಯಲ್ಲಿ ಏಪ್ರನ್ನು ಎತ್ತಿ ಬೀಸಿದಳು, ಇಷ್ಟು ವರ್ಷ ಬೀಸದ್ದನ್ನೆಲ್ಲ ಸೇರಿಸಿ ಬೀಸಿದಳು.

ಬ್ರೇಕು ಕಿರುಚಿತು. ಕಿಟಕಿಗಳಲ್ಲಿ ತಲೆಗಳು ತುಂಬಿದವು. ಬಾಗಿಲಲ್ಲಿ ವೆಂಡೆಲ್, ಚಾಚಿದ ಕೈ, ಬಾಯಿ ತುಂಬ ನಗು.

"ಏಪ್ರನ್ನಿಗೆ ಇಸ್ತ್ರಿ ಬೇರೆ!"

"ಬಾಯ್ಮುಚ್ಕೊಂಡು ಕೈ ಕೊಡೋ."

ಹಿಂದಿನಿಂದ ಪ್ರೂವಿಟ್ ಏದುಸಿರು ಬಿಡುತ್ತ ಬಂದ. "ಏಯ್ ಹುಡುಗಿ! ಕೀಲಿ ಕೊಡು ಇಲ್ಲಿ!"

ಒಟಿಲಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನಮ್ಮಜ್ಜ ನೆಲ ಕೊಟ್ಟಿದ್ದು ಈ ಬಂಡಿಗೆ, ನಿಮ್ಮ ಗುಜರಿಗಲ್ಲ. ಇವರೆಲ್ಲ ಮನೆ ಸೇರೋವರೆಗೂ ಕೊಡಲ್ಲ."