ಕಳ್ಳ ಹಾಕಿದ ನೀರು

ಇನ್ಸ್‌ಪೆಕ್ಟರಮ್ಮ ಅಂಗಿಗೆ ಗುಂಡಿ ಹೊಲಿದು ಇನ್ನೇನು ಹಲ್ಲಿನಲ್ಲಿ ದಾರ ಕಡಿಯಬೇಕು, ಔಷಧಿ ಸಸ್ಯ ಸಂಶೋಧನಾ ಕೇಂದ್ರದ ಮುಖ್ಯಸ್ಥರು ಏದುಸಿರು ಬಿಡುತ್ತಾ ಠಾಣೆಯೊಳಗೆ ಬಂದರು. ಬೆಳಿಗ್ಗೆ ಒಂಬತ್ತೂವರೆ.

"ಮೇಡಂ, ಒಂದು ಗಿಡ ಬೇರುಸಮೇತ ಕಳುವಾಗಿದೆ. ಅದು ಹಾಳಾಗ್ಲಿ, ಉಳಿದವಕ್ಕೆಲ್ಲ ನೀರು ಹಾಕಿಬಿಟ್ಟಿದ್ದಾನೆ!"

"ಯಾರು?"

"ಕಳ್ಳ!"

ಪೇದೆಗೆ ನಗು ತಡೆಯಲಾಗಲಿಲ್ಲ. "ಗೊಬ್ಬರ ಹಾಕಿಲ್ವಾ ಸಾರ್?"

ಮುಖ್ಯಸ್ಥರಿಗೆ ಅಳುವುದೊಂದು ಬಾಕಿ. ಅಲ್ಲೊಂದು ಇಲ್ಲೊಂದು ಮರವಿರುವ ಹುಲ್ಲುಬಯಲಿನ ಗಿಡ ಅದು, ಕೀಲುನೋವಿಗೆ ಮದ್ದು. ಬಯಲನ್ನೆಲ್ಲ ಉತ್ತ ಮೇಲೆ ಕೇಂದ್ರದ ಬೇಲಿಯೊಳಗೆ ಮಾತ್ರ ಉಳಿದಿತ್ತು. ಬಾಯಾರಿದಷ್ಟೂ ಬೇರಿನಲ್ಲಿ ಮದ್ದು ಹೆಚ್ಚುತ್ತದೆಯೇ ಎಂದು ನೋಡಲು ಬೇಸಿಗೆಯಿಡೀ ಹನಿ ನೀರು ಕೊಡದೆ ಕಾದಿದ್ದರು. ಆ ಪರೀಕ್ಷೆ ಈಗ ನಿಜಕ್ಕೂ ನೀರುಪಾಲಾಗಿತ್ತು.

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಗೆ ಹೋದಾಗ ಇನ್ಸ್‌ಪೆಕ್ಟರಮ್ಮ ಮಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಪ್ರತಿ ಗಿಡದ ಸುತ್ತ ಕೈಯಲ್ಲೇ ಕಟ್ಟಿದ ಪುಟ್ಟ ಪಾತಿ. ಮೇಲೆ ಒಣಹುಲ್ಲು, ಮಗುವಿಗೆ ಹೊದಿಕೆ ಎಳೆದ ಹಾಗೆ.

"ಹೀಗೆ ಪಾತಿ ಕಟ್ಟೋರು ಯಾರು?"

"ನಮ್ಮ ಹಳೇ ಮಾಲಿ. ಆದ್ರೆ ಅವನು ನಿವೃತ್ತನಾಗಿದ್ದಾನೆ. ಈ ಪರೀಕ್ಷೆ ಅವನಿಗೆ ಗೊತ್ತೇ ಇಲ್ಲ."

"ಅದಕ್ಕೇ ನೀರು ಹಾಕಿದಾನೆ."

ಮಾಲಿಯ ಮನೆಯಲ್ಲಿ ಅರೆದ ಬೇರಿನ ಕಹಿ ವಾಸನೆ. ಹೆಂಡತಿ ಮೊಣಕಾಲಿಗೆ ಲೇಪ ಹಚ್ಚಿಕೊಂಡು ಗೋಡೆಗೊರಗಿದ್ದಳು. ಮುದುಕ ತಾನೇ ಎದ್ದು ನಿಂತ.

"ನಾನೇ ತಾಯಿ. ಇವಳ ಕಾಲಿಗೆ ಒಂದು ಬೇರು ಕೊಡಿ ಅಂತ ಅರ್ಜಿ ಕೊಟ್ಟಿದ್ದೆ. ಮೇಲಿನ ಕಚೇರಿಗೆ ಕಾಗದ ಬರೀತೀನಿ ಅಂದಿದ್ರು ಸಾಹೇಬ್ರು. ಕಾದೆ, ಕಾದೆ..."

"ನೀರು ಯಾಕೆ ಹಾಕ್ದೆ?"

"ನಾನೇ ನೆಟ್ಟ ಗಿಡಗಳು. ಒಣಗಿ ನಿಂತಿದ್ವು. ಬೇರು ಕಿತ್ಕೊಂಡು ಹಂಗೇ ಬರೋಕೆ ಮನಸ್ಸಾಗ್ಲಿಲ್ಲ."

ಹೆಂಡತಿ ಅವನತ್ತ ತಿರುಗಿದಳು. "ಸಾಹೇಬ್ರನ್ನ ಕೇಳಿ ತಂದಿದ್ದು ಅಂದ್ರಲ್ಲ! ನನ್ನ ಕಾಲಿಗೋಸ್ಕರ ಕಳ್ಳತನ ಮಾಡಿದ್ರಾ?"

"ಕಾಲಿಗಲ್ಲ ಕಣೇ. ನನಗೆ ಕೇಳಿಸಬಾರದು ಅಂತ ನೀನು ಸೆರಗು ಕಚ್ಕೊಂಡು ನರಳ್ತಿದ್ಯಲ್ಲ, ಅದಕ್ಕೆ."

ಅರೆದು ಉಳಿದ ಬೇರನ್ನು ಜಪ್ತಿ ಮಾಡಿದರು.

"ಕಾಲಿಗೆ ಹಚ್ಚಿರೋದು ಮೇಡಂ?" ಪೇದೆ ಪಿಸುಗುಟ್ಟಿದ.

"ಮೊದಲು ಒಣಗ್ಲಿ ಸುಮ್ನಿರಪ್ಪ."

ಬಂಧನ ನಡೆಯಿತು. ಠಾಣೆಯಲ್ಲೇ ಜಾಮೀನೂ ಸಿಕ್ಕಿತು. ಸಂಜೆ ಮುಖ್ಯಸ್ಥರು ಬಂದು ಬೆಂಚಿನ ಮೇಲೆ ಕೂತಿದ್ದ ಮಾಲಿಯನ್ನು ಕಂಡು ತಲೆ ತಗ್ಗಿಸಿದರು.

"ದೂರು ವಾಪಸ್ ತಗೋತೀನಿ ಮೇಡಂ."

"ಅದು ಕೋರ್ಟಿನಲ್ಲಿ ಹೇಳಿ. ಆ ಕಾಗದ ಎಲ್ಲಿ?"

ಅವರು ಜೇಬಿನಿಂದ ಲಕೋಟೆ ತೆಗೆದರು. ಮೇಜಿನ ಖಾನೆಯಲ್ಲಿ ಬಿದ್ದೂ ಬಿದ್ದೂ ಅದರ ಅಂಟು ಒಣಗಿಹೋಗಿತ್ತು. ಕಾಗದದ ಕೊನೆಯಲ್ಲಿ ಸಹಿ ಹಾಕಿದ್ದರು, ಶಾಯಿ ಹೊಸದು. ಇನ್ಸ್‌ಪೆಕ್ಟರಮ್ಮ ಗೋಂದು ಹಚ್ಚಿ, ಅಂಗೈಯಲ್ಲಿ ಒತ್ತಿ, ಪೇದೆಯ ಕೈಗಿಟ್ಟರು.

"ಅಂಚೆ ಡಬ್ಬಿ ತೆಗೆಯೋ ಹೊತ್ತಾಯ್ತು. ಓಡು."

ಪೇದೆ ಓಡಿದ. ಮಾಲಿ ಬಾಗಿಲಿಗೆ ಬಂದು, ಲಕೋಟೆ ರಸ್ತೆಯಾಚೆಯ ಡಬ್ಬಿಯೊಳಗೆ ಬೀಳುವವರೆಗೂ ನೋಡುತ್ತಾ ನಿಂತ.