ದುಖಾನ್ ಕಡಲತೀರದಲ್ಲಿ ತೊಡಿಸಿದ ಬಳೆಗಳು

ಯಜ್ಞೇಶ ನನ್ನ ಕೈಗೆ ಬಂಗಾರದ ಬಳೆ ತೊಡಿಸಿದ್ದು ಮೀನು ಹುರಿಯುವ ಒಲೆಯ ಪಕ್ಕದಲ್ಲಿ.

"ಕೈ ಕೊಡು," ಎಂದ.

"ಮಸಾಲೆ ಉಂಟು ಮಾರಾಯ, ಖಾರ!"

"ಇರಲಿ, ಕೊಡು ನೀನು."

ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಅವನು ನನ್ನ ಬೆರಳು ನೋಡುತ್ತಿದ್ದ, ನಾನು ಅವನ ರೆಪ್ಪೆ ನೋಡುತ್ತಿದ್ದೆ. ರೆಪ್ಪೆಯ ತುದಿಯಲ್ಲಿ ಮರಳಿನ ಸಣ್ಣ ಕಣವೊಂದು ಕೂತಿತ್ತು. ಊದಿ ತೆಗೆಯೋಣ ಎನ್ನಿಸಿತು, ಆದರೆ ಎದುರಿಗೇ ಗೆಳೆಯ ಪೀಟರ್ ಇದ್ದಿಲು ಒಡೆಯುತ್ತಾ ಕೂತಿದ್ದ.

2008ರ ಬಕ್ರೀದ್ ರಜೆ ಅದು. ಕತಾರಿನಲ್ಲಿ ಚಳಿ ಶುರುವಾಯಿತೆಂದರೆ ಡೇರೆ ಹೊತ್ತುಕೊಂಡು ಮರಳಿಗೆ ಹೋಗದವರೇ ಇಲ್ಲ. ನಾವೂ ಪ್ರತಿ ವರ್ಷ ಹೋಗುತ್ತಿದ್ದೆವು. ದುಖಾನ್‌ನ ಎಣ್ಣೆ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಯಜ್ಞೇಶ ಡೇರೆ, ಜನರೇಟರ್ ಹೊಂದಿಸುತ್ತಿದ್ದ. ದೋಹಾದಿಂದ ಫವಾಝ್, ಅವನ ಹೆಂಡತಿ ರುಕಿಯಾ, ಅವರ ಕಾರಿನಲ್ಲೇ ಪೀಟರ್ ಮತ್ತು ನಾನು. ನಾನೆಂದರೆ ವೆರೋನಿಕಾ, ಬಿನ್ ಒಮ್ರಾನ್‌ನ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಬಾಯಿ ಜೋರು ಎಂದು ಊರಿಡೀ ಹೆಸರು ಪಡೆದವಳು, ಯಜ್ಞೇಶನ ಎದುರು ಮಾತ್ರ ಬೆಣ್ಣೆ.

ನಾಲ್ಕು ಬಳೆಗಳೂ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿದವು. ಹಿಂದಿನ ತಿಂಗಳು ದೋಹಾದ ಚಿನ್ನದ ಪೇಟೆ ಗೋಲ್ಡ್ ಸೂಕ್‌ನಲ್ಲಿ ನನ್ನ ಕೈಯಳತೆಗೇ ಆರಿಸಿದ ಬಳೆಗಳವು. "ಯಾರಿಗೆ ಮಾರಾಯ ಇದು?" ಎಂದು ಕೇಳಿದ್ದಕ್ಕೆ, "ಯಾರಿಗಿರಬಹುದು, ನೀನೇ ಹೇಳು ನೋಡುವಾ," ಎಂದು ನಕ್ಕಿದ್ದ.

"ಶನಿವಾರ ಊರಿಗೆ ಹೋಗ್ತಿಯಲ್ಲ, ಹಾಕ್ಕೊಂಡೇ ಹೋಗು. ತೆಗೀಬೇಡ," ಎಂದ. "ಅಮ್ಮ ಏರ್‌ಪೋರ್ಟಿಗೆ ಬರ್ತಾರೆ."

"ಅಮ್ಮ? ನನ್ನನ್ನು ನೋಡ್ಲಿಕ್ಕಾ?"

"ಹ್ಞೂಂ," ಎಂದವನು ಮೀನು ಮಗುಚಲು ತಿರುಗಿದ.

ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ ಪೀಟರ್‌ಗೂ ಕೇಳಿಸಿರಬೇಕು. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಅಡ್ಡವಾಗಿ ಇದ್ದದ್ದು ಅವನ ಅಮ್ಮ ಒಬ್ಬರೇ. ನಮ್ಮದು ಕೊಂಕಣಿ ಕ್ರೈಸ್ತರ ಮನೆ, ಅವರದು ತುಳು ಮಾತಾಡುವ ಹಿಂದೂ ಮನೆ. "ಅಮ್ಮನಿಗೆ ನಿನ್ನ ವಿಷಯ ಹೇಳಿದ್ದೇನೆ, ಸ್ವಲ್ಪ ಟೈಮ್ ಕೊಡು," ಎನ್ನುತ್ತಿದ್ದ. ಶುಕ್ರವಾರ ದುಖಾನ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದು ನನ್ನನ್ನು ಅಬು ಹಮೂರ್‌ನ ಚರ್ಚಿಗೆ ಬಿಟ್ಟು, ಪೂಜೆ ಮುಗಿಯುವವರೆಗೆ ಹೊರಗೆ ಬಿಸಿಲಲ್ಲಿ ಕಾಯುತ್ತಿದ್ದ. ಅಂಥವನಿಗೆ ಟೈಮ್ ಕೊಡದೆ ಇರುವುದು ಹೇಗೆ? ಕೊಟ್ಟೆ. ಈಗ ಆ ಅಮ್ಮ, ಮಗ ತೊಡಿಸಿದ ಬಳೆ ಹಾಕಿಕೊಂಡು ಬರುವ ನನ್ನನ್ನು ಕಾಣಲು ಮಂಗಳೂರಿನ ಬಜಪೆ ಏರ್‌ಪೋರ್ಟಿಗೆ ಬರುತ್ತಾರೆಂದರೆ ಅದರ ಅರ್ಥ ಇನ್ನೇನು?

ಕಡಲ ದಂಡೆಗೆ ಒಬ್ಬಳೇ ಹೋಗಿ ಕೈಯಾಡಿಸಿ ಬಳೆಗಳ ಸದ್ದು ಕೇಳಿದೆ. ಯಾವ ಸೀರೆ ಉಡಲಿ, ಅತ್ತೆಯನ್ನು ತುಳುವಿನಲ್ಲಿ ಹೇಗೆ ಮಾತಾಡಿಸಲಿ ಎಂದೆಲ್ಲ ಯೋಚಿಸಿದೆ. ಪ್ರಾಯ ಇಪ್ಪತ್ತೆಂಟಾದರೂ ಬುದ್ಧಿ ಹದಿನಾರರಲ್ಲೇ ನಿಂತಿತ್ತು.

ಸಂಜೆ ಡೇರೆಯೊಳಗೆ ರುಕಿಯಾ ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಬೇಕೆಂದೇ ಅವಳ ಎದುರು ಕೈ ಚಾಚಿ ಟೊಮೆಟೊ ಎತ್ತಿಕೊಂಡೆ.

"ಓ, ಬಳೆ ಕೊಟ್ಟನಾ? ಒಳ್ಳೆ ಡಿಸೈನ್," ಎಂದಳು. "ಹುಡುಗಿಗೆ ಖುಷಿಯಾಗ್ತದೆ."

"ಹುಡುಗಿಗೆ ಖುಷಿಯಾಗಿಯೇ ಉಂಟು, ಕಾಣುದಿಲ್ವಾ?" ಎಂದು ಕಣ್ಣು ಮಿಟುಕಿಸಿದೆ.

ರುಕಿಯಾಳ ಚಾಕು ನಿಂತಿತು. ನನ್ನ ಮುಖ ನೋಡಿದಳು, ಬಳೆ ನೋಡಿದಳು, ಮತ್ತೆ ಮುಖ ನೋಡಿದಳು.

"ವೆರೋನಿಕಾ, ನಿಂಗೆ ಯಶ್ಮಿತಾ ವಿಷಯ ಗೊತ್ತುಂಟಲ್ವಾ?"

"ಯಾವ ಯಶ್ಮಿತಾ?"

"ಅಲ್ಲಾಹ್!" ಎಂದಳು ಮೆಲ್ಲಗೆ. "ಅವನು ಮದುವೆ ಆಗ್ಲಿಕ್ಕಿರುವ ಹುಡುಗಿ. ಉಡುಪಿಯವಳು. ಫೆಬ್ರವರಿಗೆ ಮದುವೆ. ನಿಮ್ಮಿಬ್ಬರದ್ದು ಯಾವಾಗಲೋ ಖಲಾಸ್ ಆಗಿದೆ, ಈಗ ಬರೀ ಫ್ರೆಂಡ್ಸ್ ಅಂತ ಅವನೇ ಹೇಳಿದ್ದ. ಬಂಗಾರ ತಕ್ಕೊಂಡು ಹೋಗ್ಲಿಕ್ಕೆ ನೀನೇ ಖುಷಿಯಲ್ಲಿ ಒಪ್ಪಿದ್ದಿ ಅಂತಲೂ ಹೇಳಿದ."

ಆಗ ನನಗೆ ತಿಳಿಯಿತು. ಗಲ್ಫಿನಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಕ್ರಮ. ಗಂಡಸರು ಬಂಗಾರ ಒಯ್ದರೆ ಕಸ್ಟಮ್ಸಿನವರು ಹಿಡಿದು ನಿಲ್ಲಿಸುತ್ತಾರೆ, ಊರಿಗೆ ಹೋಗುವ ಹೆಂಗಸರ ಕೈಗೆ, ಕುತ್ತಿಗೆಗೆ ಹಾಕಿ ಕಳಿಸಿದರೆ ಅಷ್ಟಾಗಿ ಕೇಳುವುದಿಲ್ಲ. ನಾನೇ ರುಕಿಯಾಳ ನಾದಿನಿಯ ಸರ ಹಾಕಿಕೊಂಡು ಹೋಗಿ ಅವಳ ಮನೆಯವರಿಗೆ ಬಿಚ್ಚಿಕೊಟ್ಟವಳು. ಆದರೂ ಈ ಬಳೆಯ ವಿಷಯದಲ್ಲಿ ಅದು ನನಗೆ ಹೊಳೆಯಲೇ ಇಲ್ಲ. ಅವನ ಅಮ್ಮ ಬರುತ್ತಿದ್ದದ್ದು ನನ್ನ ಕೈಯಿಂದ ಬಳೆ ಬಿಚ್ಚಿಸಿಕೊಳ್ಳಲು.

ರುಕಿಯಾ ನನ್ನ ಭುಜ ಮುಟ್ಟಲು ಬಂದಳು. ಸರಿದುಕೊಂಡೆ. ಅವಳ ಮೇಲೂ ಸಿಟ್ಟು ಬಂದಿತ್ತು. ಎಲ್ಲರಿಗೂ ಗೊತ್ತಿತ್ತು, ನನ್ನ ಜೊತೆ ಇಸ್ಪೀಟು ಆಡಿದ ಪೀಟರ್‌ಗೂ.

ಯಜ್ಞೇಶ ದಂಡೆಯಲ್ಲಿ ಗಾಳ ಸುತ್ತುತ್ತಿದ್ದ. ಸೂರ್ಯ ಇನ್ನೂ ಮುಳುಗಿರಲಿಲ್ಲ. ನನ್ನನ್ನು ಕಂಡು ನಕ್ಕ, ಅದೇ ಚಂದದ ನಗು.

"ಯಶ್ಮಿತಾಳ ಕೈ ನನ್ನಷ್ಟೇ ಉಂಟಾ?" ಎಂದೆ.

ನಗು ಆರಿತು. ಗಾಳವನ್ನು ಮರಳ ಮೇಲೆ ಇಟ್ಟ.

"ನೀನು ಊರಿಂದ ಬಂದ ಮೇಲೆ ಹೇಳುವಾ ಅಂತಿದ್ದೆ. ನಿನ್ನ ಕ್ರಿಸ್ಮಸ್ ಹಾಳಾಗಬಾರ್ದು ಅಂತ."

"ಎಂಥಾ ಒಳ್ಳೆಯವ ನೀನು!"

"ವೆರೋನಿ, ಅಮ್ಮ ಒಪ್ಪುದಿಲ್ಲ. ನಾನು ಪ್ರೀತಿಸಿದ್ದು ನಿನ್ನನ್ನೇ, ಈಗಲೂ. ದೇವರಾಣೆ."

ಅವನ ಕಣ್ಣು ನಿಜವಾಗಿಯೂ ತುಂಬಿತ್ತು. ಸುಳ್ಳಾಡುತ್ತಿದ್ದಾನೆ ಎನ್ನಿಸಿದ್ದರೆ ಎಷ್ಟು ಸುಲಭವಿತ್ತು! ನಂಬಿದೆ. ನಂಬಿದ್ದಕ್ಕೇ ಹೆಚ್ಚು ಉರಿಯಿತು.

"ಅಮ್ಮನಿಗೆ ನನ್ನ ಬಗ್ಗೆ ಹೇಳಿದ್ದೇನೆ ಅಂದಿದ್ದಿಯಲ್ಲ. ಎಂತ ಹೇಳಿದ್ದಿ?"

ಕಾಲಿನಿಂದ ಮರಳು ಕೆದಕಿದ.

"ಹೇಳು ಯಜ್ಞೇಶ್."

"ಒಳ್ಳೆ ಹುಡುಗಿ ಅಂತ," ಎಂದ. ದನಿ ಇನ್ನೂ ತಗ್ಗಿತು. "ಬಂಗಾರ ಕೊಟ್ಟು ಕಳಿಸ್ಲಿಕ್ಕೆ ಹೆದರ್ಬೇಕಾಗಿಲ್ಲ, ನಂಬಿಕೆಯವಳು ಅಂತ."

ಎರಡು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಹೆಸರು ಬಂದದ್ದು ಅಷ್ಟಕ್ಕೇ. ನಾನು ಕದಿಯುವುದಿಲ್ಲ ಎಂದು.

ಬಳೆ ಎಳೆದೆ. ಹಾಕುವಾಗ ಸಲೀಸಾಗಿ ಇಳಿದದ್ದು ಈಗ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಅವನು ಸಹಾಯಕ್ಕೆ ಕೈ ಚಾಚಿದ. "ಮುಟ್ಟಬೇಡ!" ಎಂದು ಕಿರುಚಿದೆ. ಕೊನೆಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ತೆಗೆದುಕೊಟ್ಟವಳು ರುಕಿಯಾ. ಗೆಣ್ಣು ಸುಲಿದು ಕೆಂಪಾಗಿತ್ತು. ತೆಗೆಯುವಾಗ ಅವಳೇ ಅಳುತ್ತಿದ್ದಳು, ನನಗೆ ಅಳು ಬರಲಿಲ್ಲ.

ಬೆಳಿಗ್ಗೆ ರಜೆ ಇನ್ನೂ ಬಾಕಿಯಿದ್ದರೂ ಫವಾಝ್ ಸಾಮಾನು ಕಟ್ಟಿದ. ಪೀಟರ್ ಡೇರೆ ಬಿಚ್ಚಲು ಉಳಿದುಕೊಂಡ. ಯಜ್ಞೇಶ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ. ತಿರುಗಲಿ ಎಂದು ಬಯಸಿದೆ. ತಿರುಗಲಿಲ್ಲ.

ಮರಳು ಮುಗಿದು ಡಾಂಬರು ರಸ್ತೆ ಸಿಕ್ಕಿದಲ್ಲಿ ಫವಾಝ್ ಕಾರು ನಿಲ್ಲಿಸಿದ. ಮರಳಲ್ಲಿ ಹೂತುಹೋಗದಂತೆ ಇಳಿಸಿದ್ದ ಟಯರಿನ ಗಾಳಿಯನ್ನು ಮತ್ತೆ ತುಂಬಿಸಬೇಕಿತ್ತು. ಅವನು ಪಂಪು ಹಚ್ಚಿ ಕೂತ. ರುಕಿಯಾ ಹಿಂದಿನ ಸೀಟಿನಲ್ಲಿ, ನಾನು ಮುಂದೆ.

ಆಗ ಹಿಂದಿನಿಂದ ಬಿಳಿ ಲ್ಯಾಂಡ್ ಕ್ರೂಸರ್ ಧೂಳೆಬ್ಬಿಸಿಕೊಂಡು ಬರುವುದು ಕಂಡಿತು. ಅವನದೇ.

ಬಂದ, ಎಂದಿತು ಮನಸ್ಸು. ಅಮ್ಮನೂ ಬೇಡ, ಯಾರೂ ಬೇಡ ಎಂದು ಹೇಳಲು ಬಂದ. ಒಂದು ಮಾತು ಹೇಳಿದರೆ ಸಾಕು, ಎಲ್ಲ ಮರೆತುಬಿಡುತ್ತೇನೆ. ಬಿಸಿಲಿಗೆ ಅಡ್ಡ ಹಿಡಿಯುವ, ಮುಂದಿನ ಗಾಜಿನ ಮೇಲಿನ ಹಲಗೆ ಇಳಿಸಿ, ಅದರ ಕನ್ನಡಿಯಲ್ಲಿ ನೋಡಿಕೊಂಡು ಕೂದಲು ಸರಿಮಾಡಿಕೊಂಡೆ.

ಅವನು ಇಳಿದು ನನ್ನ ಕಿಟಕಿ ದಾಟಿ ಹಿಂದಿನ ಕಿಟಕಿಗೆ ಬಗ್ಗಿದ. ಕೈಯಲ್ಲಿ ಸಣ್ಣ ಕೆಂಪು ಪೆಟ್ಟಿಗೆ.

"ರುಕಿಯಕ್ಕ, ನೀವು ಜನವರಿಯಲ್ಲಿ ಊರಿಗೆ ಹೋಗ್ಲಿಕ್ಕುಂಟಲ್ವಾ? ಬೇರೆ ಯಾರೂ ಸಿಗುದಿಲ್ಲ..."

ರುಕಿಯಾ ನನ್ನ ಹೆಗಲನ್ನು ನೋಡುತ್ತಿದ್ದಾಳೆಂದು ತಿರುಗದೆಯೂ ಗೊತ್ತಾಯಿತು.

"ತಕ್ಕೋ ರುಕಿಯಾ," ಎಂದೆ. "ಆ ಹುಡುಗಿ ಎಂತ ತಪ್ಪು ಮಾಡಿದ್ದಾಳೆ?"

ಅವನು ಆಗ ನನ್ನತ್ತ ನೋಡಿದ. ಮುಖದಲ್ಲಿ ಎಂಥಾ ನೆಮ್ಮದಿ! "ಥ್ಯಾಂಕ್ಸ್, ವೆರೋನಿ," ಎಂದ. ತಲೆಹೊರೆ ಇಳಿಸಿದವನ ಹಾಗೆ ಹೋಗಿ ಕಾರು ತಿರುಗಿಸಿದ.

ಫವಾಝ್ ಬಂದು ಕೂತು, "ಯಲ್ಲಾ, ಹೊರಡುವಾ," ಎಂದ, ಯಾರ ಮುಖವನ್ನೂ ನೋಡದೆ. ಕನ್ನಡಿಯ ಹಲಗೆ ಇನ್ನೂ ಇಳಿದೇ ಇತ್ತು. ಅದರಲ್ಲಿ ನಾನು ಚೆನ್ನಾಗಿ ಕಾಣುತ್ತಿದ್ದೆ. ಆ ಕೂದಲನ್ನು ಎರಡೂ ಕೈಯಿಂದ ಕೆದರಿಕೊಂಡು ದೋಹಾ ಬರುವವರೆಗೂ ಅತ್ತೆ.